'ಫ್ರೇಮ್ ಸೂಪರ್' ಅಂದರು, ಆದರೆ ಯಾರ ಮನಸ್ಸೂ ಕರಗಲಿಲ್ಲ: ಕ್ಯಾಮೆರಾ ಎಲ್ಲಿ ದಾರಿ ತಪ್ಪಿತು?

ಪ್ರಶ್ನೆ: ನಾನು 14 ನಿಮಿಷದ ಒಂದು ಕಿರುಚಿತ್ರ ಮಾಡಿದ್ದೇನೆ. ಮುಚ್ಚಿಹೋಗುತ್ತಿರುವ ಹಳೇ ಪ್ರಿಂಟಿಂಗ್ ಪ್ರೆಸ್ಸಿನ ಕಥೆ. ಅಪ್ಪನಿಂದ ಪ್ರೆಸ್ ವಹಿಸಿಕೊಂಡ ಯುವ ಮಾಲೀಕ, ಚಿಕ್ಕಂದಿನಲ್ಲಿ ತನಗೆ ಮಷಿನ್ ಕೆಲಸ ಕಲಿಸಿದ ಹಿರಿಯರಿಗೆ 'ನಾಳೆಯಿಂದ ಬರಬೇಡಿ' ಎಂದು ಹೇಳುವ ದೃಶ್ಯವೇ ಚಿತ್ರದ ಜೀವಾಳ. ಸುಮಾರು ಮೂರು ನಿಮಿಷ ಇದೆ. ಯಾವ ಆಂಗಲ್‌ಗೆ ಏನರ್ಥ ಎಂಬ ಪಟ್ಟಿ ನೋಡಿಕೊಂಡು ಮಾಲೀಕನನ್ನು ಕೆಳಗಿನಿಂದ, ಲೋ ಆಂಗಲ್‌ನಲ್ಲಿ, ಹಿರಿಯರನ್ನು ಮೇಲಿನಿಂದ, ಹೈ ಆಂಗಲ್‌ನಲ್ಲಿ ತೆಗೆದೆ. ಭಾವನೆ ಗಟ್ಟಿಯಾಗಿ ಬರಲಿ ಅಂತ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾಗೆ 85 ಎಂಎಂ ಲೆನ್ಸ್ ಹಾಕಿ, ಲೆನ್ಸಿನ ಬಾಯಿ ಅಗಲವಾಗಿ ತೆರೆದು ಎಫ್ 1.8ರಲ್ಲಿಟ್ಟು, ಪೂರ್ತಿ ದೃಶ್ಯವನ್ನು ಕ್ಲೋಸಪ್‌ಗಳಲ್ಲೇ ಮುಗಿಸಿದೆ. ಕೊನೆಗೆ ಹಿರಿಯರ ಮನಸ್ಸು ಅಲ್ಲಾಡಿದ್ದನ್ನು ತೋರಿಸಲು ಕ್ಯಾಮೆರಾ ಕೈಯಲ್ಲೇ ಹಿಡಿದ ಹ್ಯಾಂಡ್‌ಹೆಲ್ಡ್. ನೋಡಿದವರೆಲ್ಲ 'ಫ್ರೇಮ್ ಸೂಪರ್' ಅಂದರು. ಒಬ್ಬರ ಕಣ್ಣೂ ಒದ್ದೆಯಾಗಲಿಲ್ಲ. ಇಬ್ಬರಂತೂ 'ಓನರ್ ಯಾಕೆ ಅಷ್ಟು ಕೆಟ್ಟವನು?' ಎಂದು ಕೇಳಿದರು. ನಾನು ಅವನನ್ನು ಕೆಟ್ಟವನಾಗಿ ಬರೆದೇ ಇಲ್ಲ. ಆ ಪಟ್ಟಿಯೇ ತಪ್ಪಾ? ಒಳ್ಳೆಯ ಸಿನಿಮಾ ಕ್ಯಾಮೆರಾ, ಅಲುಗಾಟ ತಡೆಯುವ ಜಿಂಬಲ್ ತಗೊಳ್ಳಬೇಕಾ? ಎಡಿಟಿಂಗ್‌ನಲ್ಲೇ ಸರಿಮಾಡಬಹುದಾ, ಮತ್ತೆ ಶೂಟ್ ಮಾಡಬೇಕಾ? ಒಳ್ಳೆ ಮ್ಯೂಸಿಕ್ ಹಾಕಿದರೆ ಸಾಕು ಎನ್ನುತ್ತಾನೆ ಗೆಳೆಯ.

ಉತ್ತರ: ನಿಮ್ಮ ಚಿತ್ರ ನೋಡಿದವರು ತುಂಬಾ ಉಪಯೋಗಕ್ಕೆ ಬರುವ ಎರಡು ಮಾತು ಹೇಳಿದ್ದಾರೆ. 'ಫ್ರೇಮ್ ಸೂಪರ್' ಅಂದರೆ, ಕೆಲಸ ಕಳೆದುಕೊಳ್ಳುತ್ತಿರುವ ಮನುಷ್ಯನಿಗಿಂತ ಮೊದಲು ಅವರ ಕಣ್ಣಿಗೆ ಫ್ರೇಮ್ ಬಿತ್ತು. 'ಓನರ್ ಕೆಟ್ಟವನು' ಅಂದರೆ, ನಿಮ್ಮ ಕ್ಯಾಮೆರಾ ಹೇಳಿದ್ದನ್ನು ಅವರು ಸರಿಯಾಗಿಯೇ ಓದಿಕೊಂಡರು. ಕ್ಯಾಮೆರಾ ಸುಮ್ಮನಿರಲಿಲ್ಲ. ನೀವು ಬರೆಯದ ಇನ್ನೊಂದು ಕಥೆಯನ್ನು ಹೇಳಿತು. ಹಾಗಾಗಿ 'ನನಗೆ ಭಾವನೆ ತರಿಸಲು ಬರುವುದಿಲ್ಲ' ಎಂದು ಕೊರಗಬೇಡಿ. ಎಲ್ಲಿ ಆ ಇನ್ನೊಂದು ಕಥೆ ಒಳಗೆ ಬಂತು ಎಂದು ಹುಡುಕೋಣ.

ಮೊದಲು ಆ ಪಟ್ಟಿಯ ವಿಷಯ. ಲೋ ಆಂಗಲ್ ಅಂದರೆ ಅಧಿಕಾರ, ಹೈ ಆಂಗಲ್ ಅಂದರೆ ದುರ್ಬಲ, ಓರೆ ಫ್ರೇಮ್ ಅಂದರೆ ಗೊಂದಲ, ಕ್ಲೋಸಪ್ ಅಂದರೆ ಭಾವನೆ. ಸಿನಿಮಾ ಕಲಿಯುವ ಎಲ್ಲರ ಕೈಗೂ ಇದು ಒಂದಲ್ಲ ಒಂದು ದಿನ ಸಿಗುತ್ತದೆ. ಪೂರ್ತಿ ಸುಳ್ಳೇನೂ ಅಲ್ಲ. ನಾವೆಲ್ಲ ಚಿಕ್ಕವರಿದ್ದಾಗ ದೊಡ್ಡವರನ್ನು ತಲೆ ಎತ್ತಿಯೇ ನೋಡಿದವರು. ಆ ಅಭ್ಯಾಸ ಒಳಗೆಲ್ಲೋ ಉಳಿದಿರುತ್ತದೆ. ಆದರೆ ಅದು ಒಂದು ಒಲವು ಅಷ್ಟೇ. ಕಥೆ ಅದನ್ನು ಯಾವಾಗ ಬೇಕಾದರೂ ತಿರುಗಿಸಬಲ್ಲದು.

1941ರ 'ಸಿಟಿಜನ್ ಕೇನ್' ಲೋ ಆಂಗಲ್‌ಗೆ ಹೆಸರಾದ ಚಿತ್ರ. ಛಾಯಾಗ್ರಾಹಕ ಗ್ರೆಗ್ ಟೋಲಂಡ್. ಅದರಲ್ಲಿ ಅತಿ ಕೆಳಗಿನಿಂದ ತೆಗೆದ ದೃಶ್ಯ ಯಾವುದು ಗೊತ್ತಾ? ನಾಯಕ ಕೇನ್ ಚುನಾವಣೆ ಸೋತ ರಾತ್ರಿಯದು. ಹಳೆಯ ಗೆಳೆಯ ಅವನ ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತಾನೆ. ಕ್ಯಾಮೆರಾ ಇಡಲು ಸೆಟ್ಟಿನ ನೆಲವನ್ನೇ ಕೊರೆದಿದ್ದರು. ಪಟ್ಟಿಯ ಪ್ರಕಾರ ಕೇನ್ ಅಲ್ಲಿ ಮಹಾ ಶಕ್ತಿವಂತನಾಗಿ ಕಾಣಬೇಕು. ತೆರೆಯ ಮೇಲೆ ಕಾಣುವುದು ಬೇರೆ. ಇಷ್ಟು ದೊಡ್ಡ ಮನುಷ್ಯ ಎಷ್ಟು ಒಂಟಿಯಾಗಿದ್ದಾನಲ್ಲ ಅನಿಸುತ್ತದೆ. ಅವನ ಗಾತ್ರವೇ ಅವನಿಗೆ ಭಾರವಾದಂತಿದೆ. ಕೆಳಗಿನಿಂದ ನೋಡುವಾಗ ಚಾವಣಿಯೂ ಕಾಣುತ್ತದಲ್ಲ. ಅದಕ್ಕೆಂದೇ ಬಟ್ಟೆಯ ಚಾವಣಿ ಕಟ್ಟಿದ್ದರು. ಆ ಚಾವಣಿ ತಲೆಯ ಮೇಲೆ ಕೂತಂತೆ ಕಾಣುತ್ತದೆ.

ಇನ್ನೊಂದು ಕಡೆ ಜಪಾನಿನ ಯಸುಜಿರೊ ಓಜು. ನೆಲದ ಮೇಲೆ ಕೂತವರ ಎತ್ತರಕ್ಕೆ, ಕೆಲವೊಮ್ಮೆ ಅದಕ್ಕಿಂತ ಕೆಳಗೆ, ಕ್ಯಾಮೆರಾ ಇಟ್ಟು ಚಿತ್ರ ಮಾಡಿದವರು. ಅವರ ಕ್ಯಾಮೆರಾ ಕೆಳಗಿದೆ ಅಂತ ಅಪ್ಪ ಅಮ್ಮ ಮಕ್ಕಳೆಲ್ಲ ಸರ್ವಾಧಿಕಾರಿಗಳಾಗಿ ಕಾಣುತ್ತಾರಾ? ಇಲ್ಲ. ನಾವೂ ಆ ಮನೆಯಲ್ಲೇ ಕೂತಿದ್ದೇವೆ ಅನಿಸುತ್ತದೆ. ಕ್ಯಾಮೆರಾದ ಎತ್ತರ ಬೇರೆ, ಅದನ್ನು ಮೇಲಕ್ಕೋ ಕೆಳಕ್ಕೋ ವಾಲಿಸುವುದು ಬೇರೆ. ಪಟ್ಟಿ ಇವೆರಡನ್ನೂ ಒಂದೇ ಮಾಡಿಬಿಡುತ್ತದೆ.

ಹಾಗಾದರೆ ಆಂಗಲ್‌ಗೆ ಶಕ್ತಿ ಎಲ್ಲಿಂದ ಬರುತ್ತದೆ? ಬದಲಾವಣೆಯಿಂದ. 1957ರ '12 ಆಂಗ್ರಿ ಮೆನ್' ಹೆಚ್ಚುಕಡಿಮೆ ಪೂರ್ತಿ ಒಂದೇ ಕೋಣೆಯಲ್ಲಿ ನಡೆಯುತ್ತದೆ. ನಿರ್ದೇಶಕ ಸಿಡ್ನಿ ಲುಮೆಟ್, ಛಾಯಾಗ್ರಾಹಕ ಬೋರಿಸ್ ಕೌಫ್‌ಮನ್. ಚಿತ್ರದ ಮೊದಲ ಮೂರನೇ ಒಂದು ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲಿದೆ. ನಡುವಿನ ಭಾಗದಲ್ಲಿ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ. ಕೊನೆಯ ಭಾಗದಲ್ಲಿ ಇನ್ನೂ ಕೆಳಗೆ. ಜೊತೆಗೇ ಲೆನ್ಸ್‌ಗಳು ಉದ್ದವಾಗುತ್ತಾ, ಅಂದರೆ ಎಂಎಂ ಹೆಚ್ಚುತ್ತಾ, ಹೋಗುತ್ತವೆ. ಗೋಡೆಗಳು ಹತ್ತಿರ ಬಂದಂತೆ, ಚಾವಣಿ ಇಳಿದಂತೆ, ಕೋಣೆಯೇ ಚಿಕ್ಕದಾದಂತೆ ಉಸಿರು ಕಟ್ಟುತ್ತದೆ. ಎಲ್ಲಾ ಮುಗಿದು ಹೊರಗೆ ಬಂದಾಗ ದೂರದಿಂದ ಎಲ್ಲಾ ಕಾಣುವ ಒಂದು ವೈಡ್ ಶಾಟ್. ಆಗ ನಮಗೂ ಉಸಿರು ಬರುತ್ತದೆ. ಆ ವೈಡ್ ಶಾಟ್ ಒಂದನ್ನೇ ತೆಗೆದು ತೋರಿಸಿದರೆ ಅದರಲ್ಲಿ ಏನೂ ಇಲ್ಲ. ಅದಕ್ಕೆ ಬಲ ಕೊಟ್ಟಿದ್ದು ಅದರ ಹಿಂದಿನ ಒಂದೂವರೆ ಗಂಟೆ.

ಈಗ ನಿಮ್ಮ ದೃಶ್ಯ. ಮೊದಲ ಸಾಲಿನಿಂದಲೇ ಮಾಲೀಕ ಮೇಲೆ, ಹಿರಿಯರು ಕೆಳಗೆ. ಮೂರು ನಿಮಿಷವೂ ಹಾಗೇ. ಅಂದರೆ ಯಾರು ಗೆದ್ದರು, ಯಾರು ಸೋತರು ಎಂದು ಮೊದಲ ಹತ್ತು ಸೆಕೆಂಡಿನಲ್ಲೇ ತೀರ್ಪು ಕೊಟ್ಟುಬಿಟ್ಟಿರಿ. ನೋಡುವವರಿಗೆ ಯೋಚಿಸಲು ಏನೂ ಉಳಿಯಲಿಲ್ಲ. ನೀವು ಬರೆದಿದ್ದು ಇಬ್ಬರೂ ನೋಯುವ ಕಥೆ. ಗುರುವಿಗೆ 'ಬರಬೇಡಿ' ಎನ್ನಬೇಕಾದ ಶಿಷ್ಯನಿಗೆ ಆ ಹೊತ್ತಿನಲ್ಲಿ ಯಾವ ಅಧಿಕಾರವೂ ಇಲ್ಲ, ಅಲ್ವಾ? ಅವನನ್ನು ಕೆಳಗಿನಿಂದ ತೆಗೆದದ್ದೇ ಅವನನ್ನು ವಿಲನ್ ಮಾಡಿತು.

ಇನ್ನು ಕ್ಲೋಸಪ್. ಮಾತಿನಲ್ಲಿ ದನಿ ಏರಿಸಿದ ಹಾಗೆ ಇದು. ಮೊದಲ ಮಾತಿನಿಂದಲೇ ಕೂಗುತ್ತಿರುವವರು ನಿಜವಾಗಿ ನೋವಾದಾಗ ಏನು ಮಾಡಬೇಕು? ಇನ್ನೂ ಜೋರಾಗಿ ಕೂಗಲು ಜಾಗವೇ ಇರುವುದಿಲ್ಲ. ಪೂರ್ತಿ ಕ್ಲೋಸಪ್‌ಗಳಲ್ಲೇ ನಿಲ್ಲುವ ಚಿತ್ರಗಳೂ ಇವೆ. 1928ರಲ್ಲಿ ಕಾರ್ಲ್ ಡ್ರೇಯರ್ ಜೋನ್ ಆಫ್ ಆರ್ಕ್ ಬಗ್ಗೆ ಮಾಡಿದ ಮೂಕಿ ಚಿತ್ರದ ತುಂಬಾ ಮುಖಗಳೇ. ಆದರೆ ಅಲ್ಲಿ ಅದು ಇಡೀ ಚಿತ್ರದ ವಿಧಾನ. ನಿಮ್ಮದು ಒಂದು ಜಾಗದ ಕಥೆ. ಪ್ರೆಸ್ ಎಂಬ ಜಾಗ ಮುಚ್ಚುತ್ತಿದೆ. ಆ ಜಾಗವನ್ನೇ ತೋರಿಸದೆ ಅದು ಹೋಗುತ್ತಿದೆ ಅಂದರೆ ಯಾರಿಗೂ ತಟ್ಟುವುದಿಲ್ಲ.

ಮುಖದ ಬಗ್ಗೆ ಇನ್ನೊಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಭಾವನೆ ಮುಖದಲ್ಲೇ ಇದೆ, ಹತ್ತಿರ ಹೋದಷ್ಟೂ ಜಾಸ್ತಿ ಸಿಗುತ್ತದೆ ಎಂಬ ನಂಬಿಕೆ. ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್ ನೂರು ವರ್ಷದ ಹಿಂದೆ ಮಾಡಿದ ಪ್ರಯೋಗದ ಬಗ್ಗೆ ನೀವು ಕೇಳಿರಬಹುದು. ನಟನೊಬ್ಬನ ಒಂದೇ ಕ್ಲೋಸಪ್ಪನ್ನು ಬೇರೆ ಬೇರೆ ಶಾಟ್‌ಗಳ ಪಕ್ಕ ಅಂಟಿಸಿದರು. ಸೂಪಿನ ಬಟ್ಟಲ ಪಕ್ಕ ಇಟ್ಟಾಗ ನೋಡಿದವರಿಗೆ ಹಸಿವು ಕಂಡಿತು. ಶವಪೆಟ್ಟಿಗೆಯ ಪಕ್ಕ ಇಟ್ಟಾಗ ದುಃಖ ಕಂಡಿತು. ಮುಖ ಮಾತ್ರ ಅದೇ. ಆ ಮೂಲ ಫಿಲ್ಮ್ ಈಗ ಉಳಿದಿಲ್ಲ. ನಂತರ ಬೇರೆಯವರು ಮಾಡಿದ ಮರುಪ್ರಯೋಗಗಳಲ್ಲಿ ಎಲ್ಲ ಸಲವೂ ಒಂದೇ ಫಲಿತಾಂಶ ಬಂದಿಲ್ಲ. ಹಾಗಾಗಿ ಇದನ್ನು ವಿಜ್ಞಾನದ ನಿಯಮದಂತೆ ಹಿಡಿದುಕೊಳ್ಳಬೇಡಿ. ಆದರೆ ಎಡಿಟಿಂಗ್ ಟೇಬಲ್ ಮುಂದೆ ಕೂತ ಯಾರನ್ನೇ ಕೇಳಿ, ದಿನಾ ಇದನ್ನೇ ನೋಡುತ್ತೇವೆ ಎನ್ನುತ್ತಾರೆ. ಸುಮ್ಮನೆ ಕೂತ ಮುಖವೂ ಅದರ ಹಿಂದೆ ಮುಂದೆ ಏನಿದೆ ಎಂಬುದರ ಮೇಲೆ ಮಾತಾಡುತ್ತದೆ.

ನಿಮ್ಮ ದೃಶ್ಯದಲ್ಲಿ ಮುಖದ ಹಿಂದೆ ಮುಂದೆ ಏನಿದೆ? ಇನ್ನೊಂದು ಮುಖ. ಅದರ ನಂತರ ಮತ್ತೆ ಮುಖ. ಮಷಿನ್ ಎಲ್ಲಿ? ಆ ಹಿರಿಯರ ಕೈ ಎಲ್ಲಿ? ಉಗುರಿನ ಸಂದಿಯ ಮಸಿ ಎಲ್ಲಿ? ಈ ಮಾಲೀಕ ಹುಡುಗನಾಗಿದ್ದಾಗ ನಿಂತು ಕಲಿತ ಜಾಗ ಎಲ್ಲಿ? ಇವರು ಏನನ್ನು ಕಳೆದುಕೊಳ್ಳುತ್ತಿದ್ದಾರೆ ಎಂಬುದು ಕಣ್ಣಿಗೆ ಬಿದ್ದ ಮೇಲೆ ಮಾತ್ರ ಮುಖಕ್ಕೆ ತೂಕ ಬರುತ್ತದೆ.

ಇಲ್ಲೇ ನಿಮ್ಮ ಲೆನ್ಸಿನ ಆಯ್ಕೆ ಹೆಚ್ಚು ನಷ್ಟ ಮಾಡಿದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 85 ಎಂಎಂ ಹಾಕಿ ತಲೆ ಮತ್ತು ಭುಜ ತುಂಬುವ ಶಾಟ್ ತೆಗೆಯಲು ನೀವು ಸುಮಾರು ಎರಡು ಮೀಟರ್ ದೂರ ನಿಂತಿರುತ್ತೀರಿ. ಎಫ್ 1.8ರಲ್ಲಿ ಅಷ್ಟು ದೂರಕ್ಕೆ ಫೋಕಸ್‌ನಲ್ಲಿ ಉಳಿಯುವುದು ಆರೇಳು ಸೆಂಟಿಮೀಟರ್ ಆಳ ಮಾತ್ರ. ಕಣ್ಣು ಚೊಕ್ಕವಾಗಿದ್ದರೆ ಕಿವಿ ಆಗಲೇ ಮಸುಕು. ಮೂರು ಮೀಟರ್ ಹಿಂದಿರುವ ಮಷಿನ್ ಬರೀ ಬಣ್ಣದ ಕಲೆಯಾಗಿರುತ್ತದೆ. ನೋಡಲು ಚೆಂದ. ಆದರೆ ಆ ಮನುಷ್ಯನ ಆಯಸ್ಸು ಸವೆದ ಮಷಿನ್ ಅದು. ಅದನ್ನೇ ನೀವು ಒರೆಸಿಹಾಕಿದಿರಿ. ಅವರು ಪ್ರೆಸ್ಸಿನಲ್ಲಿದ್ದಾರೋ, ಆಸ್ಪತ್ರೆಯಲ್ಲಿದ್ದಾರೋ ಯಾರಿಗೆ ಗೊತ್ತಾಗಬೇಕು?

ಅದೇ ಮುಖವನ್ನು ಅದೇ ಗಾತ್ರದಲ್ಲಿ 35 ಎಂಎಂ ಲೆನ್ಸಿನಲ್ಲಿ ತೆಗೆಯಬೇಕಾದರೆ ಒಂದು ಮೀಟರಿಗಿಂತ ಹತ್ತಿರ ಹೋಗಬೇಕು. ಲೆನ್ಸಿನ ಬಾಯಿ ಕಿರಿದಾಗಿಸಿ ಎಫ್ 5.6ರಲ್ಲಿಟ್ಟರೆ ಹಿಂದಿನ ಮಷಿನ್ ಸ್ವಲ್ಪ ಮೆತ್ತಗಿರುತ್ತದೆ, ಆದರೂ ಮಷಿನ್ ಎಂದು ತಿಳಿಯುತ್ತದೆ. ಇನ್ನೊಂದೂ ಆಗುತ್ತದೆ. ನೋಡುವವರಿಗೆ 'ನಾನು ಇವರ ಪಕ್ಕದಲ್ಲೇ ನಿಂತಿದ್ದೇನೆ' ಅನಿಸುತ್ತದೆ. 85ರಲ್ಲಿ ದೂರದಿಂದ ಇಣುಕಿದಂತೆ ಇರುತ್ತದೆ. ಬಹಳ ಜನ ಇದು ಲೆನ್ಸಿನ ಗುಣ ಎಂದುಕೊಳ್ಳುತ್ತಾರೆ. ಮುಖದ ಆಕಾರ, ಹಿನ್ನೆಲೆ ಹತ್ತಿರವೋ ದೂರವೋ ಎಂಬ ಅನಿಸಿಕೆ ನಿರ್ಧಾರ ಆಗುವುದು ಕ್ಯಾಮೆರಾ ನಿಂತ ದೂರದಿಂದ. ಲೆನ್ಸ್ ಅದರಲ್ಲಿ ಎಷ್ಟು ಭಾಗವನ್ನು ಕತ್ತರಿಸಿ ತೋರಿಸಬೇಕು ಎಂದು ಹೇಳುತ್ತದೆ ಅಷ್ಟೇ. 1958ರ 'ವರ್ಟಿಗೊ' ಮತ್ತು 1975ರ 'ಜಾಸ್' ಚಿತ್ರಗಳ ಹೆಸರಾಂತ ಶಾಟ್‌ಗಳು ಇದರ ಮೇಲೇ ನಿಂತಿವೆ. ಕ್ಯಾಮೆರಾ ಒಂದು ಕಡೆ ಸರಿಯುತ್ತದೆ, ಝೂಮ್ ಅದಕ್ಕೆ ಎದುರು ಕೆಲಸ ಮಾಡುತ್ತದೆ. 'ಜಾಸ್'ನಲ್ಲಿ ಮುಖ ಹೆಚ್ಚುಕಡಿಮೆ ಅಷ್ಟೇ ಗಾತ್ರದಲ್ಲಿ ನಿಂತಿರುವಾಗ ಹಿಂದಿನ ಜಗತ್ತು ಮಾತ್ರ ದೂರಕ್ಕೆ ಹಿಗ್ಗುತ್ತದೆ. ಲೆನ್ಸ್ ಮಾತ್ರ ಬದಲಾಗಿ ಕ್ಯಾಮೆರಾ ಅಲ್ಲೇ ನಿಂತಿದ್ದರೆ ಆ ತಲೆಸುತ್ತು ಬರುತ್ತಲೇ ಇರಲಿಲ್ಲ.

ಹತ್ತಿರ ಹೋಗುವುದರಲ್ಲಿ ಅಪಾಯವೂ ಇದೆ. ಮೂಗು ಸ್ವಲ್ಪ ದೊಡ್ಡದಾಗಿ ಕಾಣಬಹುದು. ಹೊಸ ನಟರಿಗೆ ಮುಖದ ಮುಂದೆಯೇ ಲೆನ್ಸ್ ಬಂದರೆ ಮೈ ಬಿಗಿಯಾಗುತ್ತದೆ. ನನ್ನ ಅನುಭವದಲ್ಲಿ ನಟರು ಪೂರ್ತಿ ಹೊಸಬರಾದರೆ 50 ಎಂಎಂ, ಎಫ್ 4 ಒಂದು ಒಳ್ಳೆಯ ರಾಜಿ.

ಹ್ಯಾಂಡ್‌ಹೆಲ್ಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ಯಾಮೆರಾ ಅಲುಗಿದರೆ ಪಾತ್ರದ ಮನಸ್ಸು ಅಲುಗಿದಂತೆ ಕಾಣುವುದಿಲ್ಲ. ಕ್ಯಾಮೆರಾ ಹಿಡಿದ ಒಬ್ಬ ಮನುಷ್ಯ ಅಲ್ಲಿದ್ದಾನೆ ಅಂತ ಕಾಣುತ್ತದೆ. ಗಲಭೆಯ ನಡುವೆ, ಸುದ್ದಿಚಿತ್ರದಂತೆ ಕಾಣಬೇಕಾದಲ್ಲಿ ಅದೇ ಬೇಕು. ಇಬ್ಬರೇ ಇರುವ ಮೌನದ ದೃಶ್ಯದಲ್ಲಿ ಆ ಮೂರನೆಯವನು ಅಡ್ಡ ಬರುತ್ತಾನೆ.

ಕ್ಯಾಮೆರಾ ಚಲಿಸುವುದಾದರೆ ಯಾವಾಗ ಶುರುವಾಗುತ್ತದೆ ಎನ್ನುವುದೇ ಮುಖ್ಯ. 'ನಾಳೆಯಿಂದ ಬರಬೇಡಿ' ಎಂಬ ಮಾತಿನ ಮೇಲೆ ಕ್ಯಾಮೆರಾ ಮುಂದೆ ಬಂದರೆ ಅದು ಮಾತಿಗೆ ಅಡಿಗೆರೆ ಎಳೆದಂತೆ. ಮಾತು ಮುಗಿದು, ಅದು ಕಿವಿಯಿಂದ ಒಳಗಿಳಿಯುವ ಹೊತ್ತಿನಲ್ಲಿ ನಿಧಾನವಾಗಿ ಬಂದರೆ ನಾವು ಕೇಳಿಸಿಕೊಂಡವರ ಜೊತೆ ಇರುತ್ತೇವೆ. ಕೆಲವೊಮ್ಮೆ ಹತ್ತಿರ ಬರದೇ ಇರುವುದೇ ಸರಿ. 1976ರ 'ಟ್ಯಾಕ್ಸಿ ಡ್ರೈವರ್'ನಲ್ಲಿ ನಾಯಕ ಫೋನಿನಲ್ಲಿ ಒಬ್ಬ ಹೆಣ್ಣುಮಗಳ ಹತ್ತಿರ ಗೋಗರೆಯುತ್ತಾನೆ. ಅವಳು ಒಪ್ಪುವುದಿಲ್ಲ. ಕ್ಯಾಮೆರಾ ಅವನ ಮುಖಕ್ಕೆ ಹೋಗುವುದಿಲ್ಲ. ಪಕ್ಕಕ್ಕೆ ಸರಿದು ಖಾಲಿ ಕಾರಿಡಾರನ್ನು ನೋಡುತ್ತಾ ನಿಲ್ಲುತ್ತದೆ. ಅವನ ದನಿ ಮಾತ್ರ ಕೇಳುತ್ತದೆ. ಆ ಅವಮಾನವನ್ನು ನೋಡಲಾಗದೆ ನಾವೇ ಮುಖ ತಿರುಗಿಸಿದಂತೆ. ನಾನು ಪಾಠ ಮಾಡುವಾಗ ತಪ್ಪದೆ ತೋರಿಸುವ ಶಾಟ್ ಅದು. ನಿಮ್ಮ ದೃಶ್ಯಕ್ಕೆ ಇದರಿಂದ ಕಲಿಯಲು ತುಂಬಾ ಇದೆ.

ದೂರದ ಶಾಟಿನಲ್ಲಿ ಭಾವನೆ ಬರುವುದಿಲ್ಲ ಎಂಬ ಭಯ ಇದ್ದರೆ ನಮ್ಮ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರ ಕೆಲಸ ನೋಡಿ. 1959ರ 'ಕಾಗಜ್ ಕೆ ಫೂಲ್'ನಲ್ಲಿ ಖಾಲಿ ಸ್ಟುಡಿಯೋದ ಕತ್ತಲಲ್ಲಿ ಇಬ್ಬರು ದೂರ ದೂರ ನಿಂತಿರುತ್ತಾರೆ. ಮೇಲಿನಿಂದ ಒಂದು ಬೆಳಕಿನ ಕೋಲು ಇಳಿದಿರುತ್ತದೆ. ಬಿಸಿಲನ್ನು ಕನ್ನಡಿಗಳಿಂದ ಒಳಗೆ ತಿರುಗಿಸಿ ಪಡೆದ ಬೆಳಕು ಅದು. ಸಿನಿಮಾಸ್ಕೋಪಿನ ಅಗಲ ತೆರೆಯಲ್ಲಿ ಅವರಿಬ್ಬರ ನಡುವಿನ ಜಾಗವೇ ಎಲ್ಲವನ್ನೂ ಹೇಳಿಬಿಡುತ್ತದೆ.

ಸರಿ, ಈಗ ನೀವು ಏನು ಮಾಡಬಹುದು.

ಎಡಿಟಿಂಗ್‌ನಲ್ಲಿ ಒಂದಷ್ಟು ಸರಿಹೋಗುತ್ತದೆ. ಮೊದಲು ಅದನ್ನೇ ಮಾಡಿ, ಖರ್ಚಿಲ್ಲ. ಮಾಲೀಕ ಮಾತಾಡುತ್ತಿರುವಾಗ ಅವನ ಮುಖ ಬಿಡಿ, ಹಿರಿಯರು ಕೇಳಿಸಿಕೊಳ್ಳುವ ಮುಖ ಇಡಿ. ಹಿರಿಯರು ಉತ್ತರಿಸುವಾಗ ಮಾಲೀಕನ ರಿಯಾಕ್ಷನ್ ಇಡಿ. ಅವನು ಕಣ್ಣು ತಪ್ಪಿಸಿದ, ಗುಟುಕು ನುಂಗಿದ ಒಂದು ಕ್ಷಣ ಎಲ್ಲಾದರೂ ಸಿಕ್ಕೇ ಸಿಗುತ್ತದೆ. 'ಕಟ್' ಎಂದ ಮೇಲೂ ಕ್ಯಾಮೆರಾ ಓಡುತ್ತಿದ್ದ ತುಣುಕುಗಳನ್ನು ಹುಡುಕಿ. ಅಂಥದ್ದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಇಷ್ಟರಿಂದಲೇ 'ಕೆಟ್ಟ ಓನರ್' ಅರ್ಧ ಮಾಯ ಆಗುತ್ತಾನೆ. ಆದರೆ ಮಿತಿ ಇದೆ. 4ಕೆಯಲ್ಲಿ ತೆಗೆದಿದ್ದರೆ ಕ್ರಾಪ್ ಮಾಡಿ ಇನ್ನೂ ಹತ್ತಿರ ಹೋಗಬಹುದು, ದೂರ ಹೋಗಲಾಗದು. ಆಂಗಲ್ ಬದಲಾಗದು. ಮಸುಕಾದ ಮಷಿನ್ ಮತ್ತೆ ಚೊಕ್ಕವಾಗದು.

ಎರಡನೆಯದು, ಕೆಲವೇ ಶಾಟ್ ಮತ್ತೆ ತೆಗೆಯುವುದು. ನನ್ನ ಸಲಹೆ ಇದೇ. ಒಂದು ವೈಡ್: ಮಷಿನ್ ನಡುವೆ, ಇಬ್ಬರೂ ಅದರ ಆಚೆ ಈಚೆ, ಕ್ಯಾಮೆರಾ ಅವರ ಕಣ್ಣಿನ ಮಟ್ಟದಲ್ಲಿ. ದೃಶ್ಯ ಇದರಿಂದ ಶುರುವಾಗಲಿ, ನಡುವೆ ಒಮ್ಮೆ ಇದಕ್ಕೇ ಮರಳಲಿ. ಇನ್ನೊಂದು ಹಿರಿಯರ ಕೈ: ಬಟ್ಟೆಯಲ್ಲಿ ಮಸಿ ಒರೆಸಿಕೊಳ್ಳುತ್ತಿರುವ ಕೈ, ಮಾತು ಕೇಳಿದ ಮೇಲೆ ಒಂದು ಕ್ಷಣ ನಿಂತು, ಮತ್ತೆ ಒರೆಸಿಕೊಳ್ಳುವ ಕೈ. ಮುಖದ ಅಳುಗಿಂತ ಇದು ಹೆಚ್ಚು ಹೇಳುತ್ತದೆ. ಮೂರನೆಯದು ಸೊಂಟದಿಂದ ಮೇಲಕ್ಕೆ ಕಾಣುವ ಮಾಲೀಕನ ಮಿಡ್ ಶಾಟ್, ನೇರ ಕಣ್ಣಿನ ಮಟ್ಟದಲ್ಲಿ, ಹಿಂದೆ ಮಷಿನ್ ಕಾಣುವಂತೆ. ಲೋ ಆಂಗಲ್ ಬಿಟ್ಟುಬಿಡಿ. ಈಗಿರುವ ಕ್ಲೋಸಪ್‌ಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಳ್ಳಿ, ಅದೂ ಕೊನೆಯ ಒಂದು ನಿಮಿಷಕ್ಕೆ.

ಇದರ ಅಪಾಯ ಕಂಟಿನ್ಯುಟಿ. ಕಿಟಕಿಯ ಬೆಳಕು ಅದೇ ಹೊತ್ತಿನದಾಗಿರಬೇಕು. ನಟರ ಕೂದಲು, ಗಡ್ಡ, ಅಂಗಿಯ ಮೇಲಿನ ಕಲೆ ಹೊಂದಬೇಕು. ನೋಟದ ದಿಕ್ಕು ಹೊಂದಬೇಕು. ಹಳೆಯ ಶಾಟಿನಲ್ಲಿ ಮಾಲೀಕ ಬಲಕ್ಕೆ ನೋಡುತ್ತಿದ್ದರೆ ಹೊಸದರಲ್ಲೂ ಬಲಕ್ಕೇ ನೋಡಬೇಕು. ಇಲ್ಲದಿದ್ದರೆ ಇಬ್ಬರೂ ಒಂದೇ ಕಡೆ ತಿರುಗಿ ಮಾತಾಡಿದಂತೆ ಕಾಣುತ್ತದೆ. ಹಳೆಯ ಫ್ರೇಮ್‌ಗಳನ್ನು ಫೋನಿನಲ್ಲಿಟ್ಟುಕೊಂಡು ಸೆಟ್ಟಿಗೆ ಹೋಗಿ.

ಪೂರ್ತಿ ದೃಶ್ಯ ಮತ್ತೆ ತೆಗೆಯುವುದು ಕೊನೆಯ ದಾರಿ. ಕ್ಯಾಮೆರಾ ಸರಿಹೋಗುತ್ತದೆ, ಆದರೆ ನಟರು ಆ ಮಾತುಗಳನ್ನು ಮೊದಲ ಸಲ ಹೇಳಿದಾಗಿನ ಹಸಿತನ ಮತ್ತೆ ಸಿಗುವುದು ಕಷ್ಟ. ಅಭಿನಯವೇ ಚೆನ್ನಾಗಿ ಬಂದಿಲ್ಲ ಅನಿಸಿದರೆ ಮಾತ್ರ ಇದಕ್ಕೆ ಕೈ ಹಾಕಿ.

ಮ್ಯೂಸಿಕ್ ಹಾಕುವುದು ಬೇಡ ಎನ್ನುವುದಿಲ್ಲ, ಈಗಲೇ ಬೇಡ. ಈಗ ಹಾಕಿದರೆ ಅದು 'ಇಲ್ಲಿ ಅಳಿ' ಎಂದು ಹೇಳುತ್ತದೆ, ಚಿತ್ರ 'ಇವನು ಕೆಟ್ಟವನು' ಎಂದು ಹೇಳುತ್ತಿರುತ್ತದೆ. ನಿಮ್ಮಲ್ಲಿ ಅದಕ್ಕಿಂತ ಒಳ್ಳೆಯ ಶಬ್ದ ಒಂದಿದೆ. ದೃಶ್ಯದ ಶುರುವಿನಲ್ಲಿ ಮಷಿನ್ ಓಡುತ್ತಿರಲಿ. ಮಾತಾಡಲು ಹಿರಿಯರೇ ಅದನ್ನು ನಿಲ್ಲಿಸಲಿ. ವೈಡ್ ಶಾಟ್ ಹೇಗೂ ಮತ್ತೆ ತೆಗೆಯುತ್ತೀರಲ್ಲ, ಇದನ್ನೂ ಸೇರಿಸಿಕೊಳ್ಳಬಹುದು.

ಹೊಸ ಕ್ಯಾಮೆರಾ ಬೇಡ. ಜಿಂಬಲ್ ಅಂತೂ ಬೇಡವೇ ಬೇಡ, ಈ ದೃಶ್ಯದಲ್ಲಿ ನಿಮಗೆ ಬೇಕಾದದ್ದು ಗಟ್ಟಿಯಾದ ಒಂದು ಟ್ರೈಪಾಡ್. 35 ಅಥವಾ 50 ಎಂಎಂ ಲೆನ್ಸ್ ಇಲ್ಲದಿದ್ದರೆ ಒಂದು ದಿನಕ್ಕೆ ಬಾಡಿಗೆಗೆ ತನ್ನಿ.

ಮತ್ತೆ ಶೂಟಿಂಗಿಗೆ ಹೋಗುವ ಮುನ್ನ ಒಂದು ಪರೀಕ್ಷೆ ಮಾಡಿ. ಹೊಸದಾಗಿ ಎಡಿಟ್ ಮಾಡಿದ ದೃಶ್ಯವನ್ನು ಪೂರ್ತಿ ಮ್ಯೂಟ್ ಮಾಡಿ, ಕಥೆ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ. 'ಹೇಗಿದೆ?' ಅಂತ ಕೇಳಬೇಡಿ, 'ಸೂಪರ್' ಅಂದುಬಿಡುತ್ತಾರೆ. ಮೂರು ಪ್ರಶ್ನೆ ಕೇಳಿ: ಇವರಿಬ್ಬರೂ ಒಬ್ಬರಿಗೊಬ್ಬರು ಏನಾಗಬೇಕು? ಇವರು ಎಲ್ಲಿದ್ದಾರೆ? ಹೆಚ್ಚು ಕಷ್ಟದಲ್ಲಿರುವುದು ಯಾರು? ಮೊದಲ ಪ್ರಶ್ನೆಗೆ 'ಯಜಮಾನ, ಆಳು' ಎಂದಷ್ಟೇ ಉತ್ತರ ಬಂದರೆ ಮಾಲೀಕನ ಮಿಡ್ ಶಾಟ್ ಮೊದಲು ತೆಗೆಯಿರಿ. ಎರಡನೆಯದಕ್ಕೆ ಉತ್ತರವೇ ಬರದಿದ್ದರೆ ವೈಡ್ ಶಾಟ್ ಮೊದಲು. ಮೂರನೆಯದಕ್ಕೆ ಉತ್ತರ ಹೇಳಲು ಅವರು ತಡವರಿಸಿ, 'ಇಬ್ಬರೂ ಅನ್ಸುತ್ತೆ' ಎಂದರೆ ಕೈಯ ಶಾಟ್ ಒಂದನ್ನು ಮಾತ್ರ ಶೂಟ್ ಮಾಡಿ ಸೇರಿಸಿ, ಚಿತ್ರ ಲಾಕ್ ಮಾಡಿ, ಅಂದರೆ ಎಡಿಟ್ ಮುಗಿಸಿಬಿಡಿ.